ಶರೀಫಜ್ಜನ ಮಾಳಿಗೆ, ನಮ್ಮ ಸೀಮೆಯ ಚೌಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಸೀಮೆಯ ಯಾವ ಹಳ್ಳಿಗೆ ಬೇಕಾದರೂ ಹೋಗಿ ನೋಡಿ, ಊರಿಗೊಂದು ಭಜನೆ ಮೇಳ ಇದ್ದೇ ಇರುತ್ತದೆ. ಗುಡಿಯ ಮೂಲೆಯಲ್ಲಿ ಬಟ್ಟೆ ಸುತ್ತಿಟ್ಟ ಹಾರ್ಮೋನಿಯಂ, ಗೂಟಕ್ಕೆ ನೇತುಬಿದ್ದ ದಮ್ಮಡಿ, ಡಬ್ಬಿಯೊಳಗೆ ನಾಲ್ಕಾರು ಜೋಡಿ ತಾಳ. ಸೋಮವಾರ ರಾತ್ರಿಯೋ ಅಮಾವಾಸ್ಯೆಗೋ ಊಟ ಮುಗಿಸಿ ಒಬ್ಬೊಬ್ಬರೇ ಬಂದು ಕೂಡುತ್ತಾರೆ. ಮೊದಲು ಗಣಪತಿ, ಆಮೇಲೆ ಗುರುಸ್ತುತಿ, ಕೊಟ್ಟೂರೇಶನ ಮೇಲೊಂದು ಪದ. ಗಂಟಲು ಕಾಯುವ ಹೊತ್ತಿಗೆ ಹಿಂದಿನಿಂದ ಯಾರಾದರೂ ಕೂಗುತ್ತಾರೆ: ‘ಏ, ಮಾಳಿಗಿ ಪದ ಹಾಡ್ರಪ್ಪಾ!’ ಹಾರ್ಮೋನಿಯಂ ಹಿಡಿದವನಿಗೆ ಅಷ್ಟೇ ಸಾಕು. ಶಿಶುನಾಳ ಶರೀಫಜ್ಜನ ಸೋರುವ ಮಾಳಿಗೆಯ ಪದ ಶುರುವಾಯಿತೆಂದರೆ, ಅಲ್ಲಿಯವರೆಗೆ ಕಟ್ಟೆಯ ಕೆಳಗೆ ಬೆಳೆ, ಸಾಲ, ಸೊಸೈಟಿ ಎಂದು ಮಾತಾಡುತ್ತಿದ್ದವರೂ ದನಿ ಕೂಡಿಸುತ್ತಾರೆ.

ಬದುಕಿಗೆ ಬುದ್ಧಿ ಹೇಳುವ ಪದಗಳಿಗೆ ನಮ್ಮಲ್ಲಿ ಬರವೇ? ಮಳೆಗೆ ಬರ ಇದ್ದೀತು, ಪದಗಳಿಗಿಲ್ಲ. ಸಂಸಾರ ನೆಚ್ಚಬೇಡ, ದುಡ್ಡು ನೆಚ್ಚಬೇಡ, ಕಾಯ ನಿತ್ಯವಲ್ಲ ಎಂದು ಸಾರುವ ತತ್ವಪದಗಳು ಒಂದು ರಾತ್ರಿಗೆ ಮುಗಿಯುವಷ್ಟಲ್ಲ. ಅಷ್ಟಿದ್ದರೂ ಕೇಳಿ ಹಾಡಿಸುವುದು ಇದೊಂದನ್ನೇ ಏಕೆ? ನಾನು ಇದನ್ನು ಬಹಳ ಸಲ ಯೋಚಿಸಿದ್ದೇನೆ, ಬಹಳ ಜನರನ್ನು ಕೇಳಿದ್ದೇನೆ. ಒಬ್ಬೊಬ್ಬರದು ಒಂದೊಂದು ಉತ್ತರ. ನನಗೆ ಹೊಳೆದದ್ದನ್ನು ಹೇಳಬೇಕಾದರೆ ಮೊದಲು ಮಾಳಿಗೆ ಹತ್ತಬೇಕು. ಬನ್ನಿ, ಏಣಿ ಇಲ್ಲೇ ಇದೆ.

ಈಗಿನ ಹುಡುಗರಿಗೆ ಮಾಳಿಗೆ ಎಂದರೆ ಎರಡನೇ ಅಂತಸ್ತು. ನಮ್ಮ ಕಡೆ ಹಳಬರ ಬಾಯಲ್ಲಿ ಮಾಳಿಗೆ ಎಂದರೆ ಮಣ್ಣಿನ ಚಪ್ಪಟೆ ಸೂರು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಬಯಲುಸೀಮೆಗೆ ಮಲೆನಾಡಿನ ಇಳಿಜಾರು ಹೆಂಚು ಏಕೆ ಬೇಕು? ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ, ಜಂತಿಯ ಮೇಲೆ ಒತ್ತೊತ್ತಾಗಿ ಗಳ ಇಲ್ಲವೆ ಸೀಳಿದ ಕಟ್ಟಿಗೆ. ಅದರ ಮೇಲೆ ಗುಡ್ಡದಿಂದ ಕಡಿದು ತಂದ ಬಂದರಿಕೆ ಸೊಪ್ಪಿನ ಹಾಸು. ಸೊಪ್ಪಿನ ಮೇಲೆ ಹದವಾಗಿ ಕಲಸಿದ ಮಣ್ಣು. ಎಲ್ಲಕ್ಕೂ ಮೇಲೆ ಚೌಳು. ಸುತ್ತ ಮೊಣಕಾಲೆತ್ತರದ ಕುಂಬಿ, ನೀರು ಹೊರಗೆ ಬೀಳಲು ಒಂದು ದೋಣಿ, ಅಡುಗೆಮನೆಯ ಹೊಗೆ ಹೋಗಿ ಬೆಳಕು ಬರಲು ಒಂದು ಗವಾಕ್ಷಿ. ಬೇಸಿಗೆಯಲ್ಲಿ ಹೊರಗೆ ಬೆಂಕಿ ಸುರಿದರೂ ಒಳಗೆ ತಂಪು. ರಾತ್ರಿ ಅದೇ ಮಾಳಿಗೆ ಮೇಲೆ ಚಾಪೆ ಹಾಸಿದರೆ ಚುಕ್ಕಿಗಳ ಕೆಳಗೆ ನಿದ್ದೆ. ಮೆಣಸಿನಕಾಯಿ ಒಣಗುವುದು ಅಲ್ಲಿ, ಹುಣಸೆಹಣ್ಣು ಒಣಗುವುದು ಅಲ್ಲಿ, ಓಣಿಯ ಹೆಂಗಸರ ಮಾತು ಕುಂಬಿಯಿಂದ ಕುಂಬಿಗೆ ದಾಟುವುದೂ ಅಲ್ಲಿಯೇ.

ಚೌಳಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಈ ಮಣ್ಣಿನ ಬಗ್ಗೆ ನನಗೆ ಅಪಾರ ಗೌರವ. ಹೊಲದಲ್ಲಿ ಚೌಳು ಕಂಡರೆ ರೈತನ ಮುಖ ಬಾಡುತ್ತದೆ. ಅಲ್ಲಿ ಬೀಜ ಮೊಳೆಯುವುದಿಲ್ಲ, ನೀರು ಇಂಗುವುದಿಲ್ಲ, ಬಿಸಿಲಿಗೆ ಬೆಳ್ಳಗೆ ಉಪ್ಪು ಎದ್ದು ನೆಲ ಬೂದಿ ಬಳಿದುಕೊಂಡು ಕೂತಿರುತ್ತದೆ. ಈ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದ ಕೂಡಲೇ ಜೇಡಿಯ ಕಣಗಳು ಬಿಡಿಬಿಡಿಯಾಗಿ ಉಬ್ಬಿ, ಇರುವ ಸಂದುಗೊಂದಿಗಳಿಗೆಲ್ಲ ಮೆತ್ತಿಕೊಂಡು ದಾರಿ ಮುಚ್ಚಿಬಿಡುತ್ತವೆ. ಹೊಲ ಕೆಡಿಸುವ ಆ ಗುಣವೇ ಮಾಳಿಗೆಯ ಮೇಲೆ ಮನೆ ಕಾಯುತ್ತದೆ. ನೀರು ಇಂಗಿಸದ ಮಣ್ಣು ಸೂರಿಗೆ ಬೇಕು, ಹುಲ್ಲು ಹುಟ್ಟಿಸದ ಮಣ್ಣು ಸೂರಿಗೆ ಬೇಕು. ಇದನ್ನು ಕಂಡುಕೊಂಡ ಹಿರೀಕರು ಯಾವ ಪ್ರಯೋಗಶಾಲೆಗೆ ಹೋಗಿದ್ದರು? ಕೆಟ್ಟ ನೆಲದ ಮೇಲೆ ಮಳೆನೀರು ನಿಂತದ್ದನ್ನು ಕಣ್ಣಾರೆ ನೋಡಿ, ಇದನ್ನು ತಲೆಯ ಮೇಲೆ ಹೊದಿಸಿಕೊಂಡರೆ ಹೇಗೆ ಎಂದು ಯೋಚಿಸಿದವರ ಬುದ್ಧಿಗೆ ಕೈ ಮುಗಿಯಬೇಕು.

ಆದರೆ ಒಮ್ಮೆ ಹಾಕಿದರೆ ಮುಗಿಯಿತೇ? ಇಲ್ಲ. ವರ್ಷಾ ವರ್ಷಾ ಗಾಳಿಗೆ ಒಂದಿಷ್ಟು ಹಾರುತ್ತದೆ, ಮಳೆಗೆ ಒಂದಿಷ್ಟು ತೊಳೆದು ದೋಣಿಯಲ್ಲಿ ಹರಿಯುತ್ತದೆ. ಯುಗಾದಿ ಮುಗಿದು ಹೊಲದ ಕೆಲಸ ಬಿಡುವಾದಾಗ ಬಂಡಿ ಕಟ್ಟಿಕೊಂಡು ಚೌಳಿಗೆ ಹೋಗುವುದು, ಪುಟ್ಟಿಯಲ್ಲಿ ತುಂಬಿ ಮೇಲೇರಿಸುವುದು, ಹರವುವುದು, ನೀರು ಚಿಮುಕಿಸಿ ಬಡಿಯುವುದು, ಇದು ಆಯಾ ವರ್ಷದ ಬಾಬ್ತು. ಈ ವರ್ಷ ಬೇಡ, ಬರುವ ವರ್ಷ ನೋಡೋಣ ಎಂದವನ ಮನೆಯಲ್ಲಿ ಏನಾಗುತ್ತದೆ? ಕುಂಬಿಯ ಬುಡದಲ್ಲಿ ಗರಿಕೆ ಹುಟ್ಟುತ್ತದೆ. ಗರಿಕೆಯ ಬೇರು ಇಳಿದ ಕಡೆ ಇರುವೆ ಗೂಡು ಮಾಡುತ್ತದೆ. ಇರುವೆ ತೋಡಿದ ತೂತಿನಲ್ಲಿ ನೀರು ಇಳಿಯುತ್ತದೆ. ನೀರು ಇಳಿದಲ್ಲಿ ಸೊಪ್ಪು ಕೊಳೆಯುತ್ತದೆ, ಜಂತಿ ಹುಳುಕಾಗುತ್ತದೆ, ತೊಲೆಯ ಕೀಲು ಸಡಿಲುತ್ತದೆ. ಒಂದು ದಿನ ನಡುರಾತ್ರಿ ಮಲಗಿದವನ ಹಣೆಯ ಮೇಲೆ ಒಂದು ಹನಿ.

ಈಗ ಶರೀಫಜ್ಜನ ಪದವನ್ನು ಮನಸ್ಸಿನಲ್ಲೇ ಒಮ್ಮೆ ಹಾಡಿಕೊಳ್ಳಿ. ತೊಲೆ ಬಂತೇ? ಜಂತಿ ಬಂತೇ? ಗರಿಕೆ? ಇರುವೆ? ತೊಳೆದುಹೋಗುವ ಮಣ್ಣು? ಎಲ್ಲವೂ ಇದೆ. ಪಲ್ಲವಿಯಲ್ಲೇ ಸೋರಿಕೆಗೆ ಕಾರಣ ಅಜ್ಞಾನ ಎಂದು ಒಂದು ಮಾತು ಹೇಳಿ, ಆಮೇಲೆ ಪದದುದ್ದಕ್ಕೂ ಅಜ್ಜ ನಡೆಸುವುದು ಮಾಳಿಗೆಯ ತಪಾಸಣೆಯನ್ನು. ನಮ್ಮೂರಲ್ಲಿ ಗೌಂಡಿ ಕೆಲಸ ಮಾಡಿ ಕೈ ಬಿಟ್ಟ ಹಿರಿಯರೊಬ್ಬರಿದ್ದಾರೆ. ಊರ ಸಂಬಂಧದಲ್ಲಿ ನನಗೆ ಮಾವ ಆಗಬೇಕು. ಅವರನ್ನು ಈ ಪದದ ಬಗ್ಗೆ ಕೇಳಿದಾಗ ಎಲೆ ಅಡಿಕೆ ಒಂದು ಕಡೆ ಸರಿಸಿ ಹೇಳಿದ್ದು ಇಷ್ಟು: ‘ಅಳಿಯಾ, ಇದನ್ನ ಕಟ್ಟಿದಾತ ಕಾಗದ ಮುಂದಿಟ್ಕಂಡು ಕಟ್ಟಿಲ್ಲ. ಮಾಳಿಗಿ ಮ್ಯಾಲೆ ಕುಂತು ಗರಿಕೆ ಕಿತ್ತಾನೆ. ಕಿತ್ತಿದ್ದಕ್ಕೇ ಇರುವೆ ಕಂಡೈತೆ.’ ಇಷ್ಟು ಒಳ್ಳೆಯ ವಿಮರ್ಶೆ ನಾನು ಬೇರೆಲ್ಲೂ ಓದಿಲ್ಲ. ಅಧ್ಯಾತ್ಮ ತಿಳಿಯದವನಿಗೂ ಈ ಪದ ಸುಳ್ಳು ಎನಿಸುವುದಿಲ್ಲ, ಏಕೆಂದರೆ ಮಾಳಿಗೆಯ ಲೆಕ್ಕದಲ್ಲಿ ಅದು ಎಲ್ಲೂ ತಪ್ಪಿಲ್ಲ. ಮಣ್ಣಿನ ಮಾತಿನಲ್ಲಿ ನಿಜ ಹೇಳಿದವನ ದೇಹದ ಮಾತನ್ನೂ ಜನ ನಂಬುತ್ತಾರೆ. ಮನೆ ಎಂದರೆ ಈ ಮೈ, ಸೋರುವುದು ಆಯುಷ್ಯ ಎಂಬುದನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ನಮ್ಮ ಕಡೆ ಬರುವುದಿಲ್ಲ.

ಅಂದಹಾಗೆ, ಶಿಶುನಾಳ ನಮ್ಮ ಐದು ತಾಲೂಕುಗಳಲ್ಲಿ ಯಾವುದರಲ್ಲೂ ಇಲ್ಲ. ಅದು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನದು. ನಡುವೆ ತುಂಗಭದ್ರೆ ಹರಿಯುತ್ತಾಳೆ. ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಅಂದಿನ ದಿನಗಳಲ್ಲಿ ಹೊಳೆಯ ಆಚೆ ಧಾರವಾಡ ಜಿಲ್ಲೆ, ಮುಂಬೈ ಪ್ರಾಂತ. ಈಚೆ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ. ಆಚೆಯವರ ಕಾಗದಪತ್ರ ಮುಂಬೈಗೆ, ಈಚೆಯವರದು ಮದ್ರಾಸಿಗೆ. ಆದರೆ ಪದಕ್ಕೆ ಯಾವ ಗಡಿ? ಹೊಳೆ ದಾಟಿ ಬಂದ ಬೀಗರು, ಜಾತ್ರೆಗೆ ಬಂದವರು, ದನದ ಸಂತೆಗೆ ಬಂದವರು ಅದನ್ನು ಬಾಯಲ್ಲಿ ಹೊತ್ತು ತಂದರು. ನಮ್ಮ ಸೀಮೆಗೆ ಹೀಗೆ ಯಜಮಾನರು ಬದಲಾಗುವುದು ಹೊಸದೂ ಅಲ್ಲ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಕೊಟ್ಟರು, 2018ರಲ್ಲಿ ಮತ್ತೆ ಬಳ್ಳಾರಿಗೆ ತಂದರು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿಸಿದರು. ಕೊಟ್ಟೂರು ತೀರಾ ಈಚೆಗೆ ಕೂಡ್ಲಿಗಿಯಿಂದ ಬೇರೆಯಾಗಿ ತಾಲೂಕಾಯಿತು. ಬೋರ್ಡುಗಳಿಗೆ ಎಷ್ಟು ಸಲ ಬಣ್ಣ ಬಳಿದರೋ! ಭಜನೆಯವರು ಮಾತ್ರ ಹಾಡುತ್ತಲೇ ಇದ್ದರು.

ಶರೀಫರು ಮುಸಲ್ಮಾನರ ಮನೆಯಲ್ಲಿ ಹುಟ್ಟಿದವರು, ಅವರ ಗುರು ಕಳಸದ ಗೋವಿಂದಭಟ್ಟರು ಬ್ರಾಹ್ಮಣರು, ಆ ಪದ ಇಂದು ಹಾಡುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಇದನ್ನು ಹೊರಗಿನವರಿಗೆ ಹೇಳಿದರೆ ಹುಬ್ಬೇರಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಯಾರೂ ಹುಬ್ಬೇರಿಸಿದ್ದು ನಾನು ಕಂಡಿಲ್ಲ. ಮೊಹರಂ ಬಂದರೆ ಅಲಾಯಿ ದೇವರಿಗೆ ಸಕ್ಕರೆ ಓದಿಸುವವರು ಊರಿನ ಎಲ್ಲ ಮನೆಯವರೂ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿ ರಿವಾಯತ್ ಪದ ಹಾಡುವ ಹುಡುಗರೇ ಶಿವರಾತ್ರಿಗೆ ತಾಳ ಹಿಡಿದು ಕೂರುತ್ತಾರೆ. ಶರೀಫರು ರಿವಾಯತ್ ಪದಗಳನ್ನೂ ಕಟ್ಟಿದವರೇ. ಈ ಕೂಡಾವಳಿ ನಮ್ಮ ಸೀಮೆ ಉಳಿಸಿಕೊಳ್ಳಲೇಬೇಕಾದ ಆಸ್ತಿ ಎಂದು ನಾನು ಮನಸಾರೆ ನಂಬಿದ್ದೇನೆ.

ಬುದ್ಧಿಮಾತಿಗೆ ಬರೋಣ. ಬುದ್ಧಿಮಾತು ಎಂದ ಕೂಡಲೇ ಕನ್ನಡಿಗರಿಗೆ ಮೊದಲು ನೆನಪಾಗುವವನು ಸರ್ವಜ್ಞ. ಮೂರೇ ಸಾಲು, ಮುಖಕ್ಕೇ ಮಾತು. ಆ ಸರ್ವಜ್ಞನ ವಚನಗಳನ್ನು ತಾಡವಾಲೆಗಳಿಂದ, ಜನರ ನಾಲಿಗೆಯಿಂದ ಒಟ್ಟುಮಾಡಿ 1924ರಲ್ಲಿ ಪುಸ್ತಕವಾಗಿ ಕೊಟ್ಟವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಉತ್ತಂಗಿ ಎಂದರೆ ಯಾವುದು? ನಮ್ಮ ಹಡಗಲಿ ತಾಲೂಕಿನ ಊರು. ಕ್ರೈಸ್ತ ಪಾದ್ರಿಯೊಬ್ಬರು ಒಬ್ಬ ತಿರುಕನ ಮಾತುಗಳಿಗಾಗಿ ಊರೂರು ಅಲೆದರು ಎಂದರೆ ಎಂಥ ಪ್ರೀತಿ ಇರಬೇಕು! ಅವರನ್ನು ‘ತಿರುಳ್ಗನ್ನಡದ ತಿರುಕ’ ಎಂದೇ ನಾಡು ಕರೆಯಿತು, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿ ಕೂರಿಸಿತು. ನಮ್ಮ ತಾಲೂಕಿನ ಶಾಲೆಗಳಲ್ಲಿ ಅವರ ಪಟ ಇನ್ನೂ ಹೆಚ್ಚು ಗೋಡೆಗಳ ಮೇಲೆ ಕಾಣಬೇಕು.

ಸರ್ವಜ್ಞ ಎದುರಿಗೆ ನಿಂತು ಹೇಳುವವನು. ತಪ್ಪು ನಿನ್ನದು, ತಿದ್ದಿಕೋ ಎನ್ನುವ ಧಾಟಿ. ಕೇಳಿದವನು ತಲೆದೂಗುತ್ತಾನೆ, ಪಕ್ಕದ ಮನೆಯವನಿಗೆ ಇದು ಸರಿಯಾಗಿ ಅನ್ವಯಿಸುತ್ತದೆ ಎಂದೂ ಅಂದುಕೊಳ್ಳುತ್ತಾನೆ. ಮಾಳಿಗೆ ಪದದಲ್ಲಿ ಹಾಗೆ ಜಾರಿಕೊಳ್ಳಲು ಬರುವುದಿಲ್ಲ. ಇಲ್ಲಿ ಸೋರುತ್ತಿರುವುದು ಹಾಡುವವನ ಮನೆಯೇ. ಮೇಲೆ ಹತ್ತಿ ಸರಿಮಾಡಬೇಕು ಎಂದು ಗೊತ್ತು, ಹತ್ತುವ ಧೈರ್ಯ ತನಗಿಲ್ಲ ಎಂದು ಅವನೇ ಹೇಳುತ್ತಾನೆ. ಸುತ್ತ ಕಾಳಗತ್ತಲು, ಮಾಳಿಗೆ ಗಟ್ಟಿ ಮಾಡಿಕೊಡುವವರಿಲ್ಲ. ಬುದ್ಧಿ ಹೇಳುವವನೇ ತನ್ನ ಕೈಲಾಗುತ್ತಿಲ್ಲ ಎಂದರೆ ಕೇಳುವವನು ಯಾರ ಮೇಲೆ ಸಿಟ್ಟಾಗಬೇಕು? ಅವನ ಪಕ್ಕ ಹೋಗಿ ಕೂರುತ್ತಾನೆ ಅಷ್ಟೆ. ಈ ಪದ ಇಷ್ಟು ವರ್ಷ ಬಾಳಿದ್ದಕ್ಕೆ ನಾನು ಕಂಡುಕೊಂಡ ಕಾರಣ ಇದು. ಇದರಲ್ಲಿ ಉಪದೇಶ ಕೊಡುವವನು ಉಪದೇಶ ಬೇಕಾದವನ ಜಾಗದಲ್ಲೇ ಕೂತಿದ್ದಾನೆ.

ಇದೇ ಮಾತನ್ನು ಅಮೆರಿಕದಲ್ಲಿರುವ ನನ್ನ ತಂಗಿಯ ಮಗನಿಗೆ ಹೇಳುತ್ತಿದ್ದೆ. ಹೊಸಪೇಟೆಯಲ್ಲಿ ರೈಲಿಳಿದು ಕೂಡ್ಲಿಗಿಗೆ ಕಾರಿನಲ್ಲಿ ಬರುವಾಗ ಅವನು ಅಲ್ಲಿಯ ಹಳ್ಳಿಗಾಡಿನ ಹಾಡೊಂದನ್ನು ಕೇಳಿಸಿದ. ಡಾನ್ ಶ್ಲಿಟ್ಜ್ ಎಂಬುವವರು ಬರೆದದ್ದು, ಕೆನ್ನಿ ರೋಜರ್ಸ್ 1978ರಲ್ಲಿ ಹಾಡಿ ಮನೆಮಾತು ಮಾಡಿದ್ದು, ಜೂಜುಕೋರನ ಹಾಡು. ರಾತ್ರಿ ರೈಲಿನಲ್ಲಿ ಒಬ್ಬ ಮುದಿ ಜೂಜುಕೋರ ಎದುರು ಕೂತ ಯುವಕನ ಮುಖ ನೋಡಿ, ಒಂದು ಗುಟುಕು ವಿಸ್ಕಿ, ಒಂದು ಸಿಗರೇಟಿಗೆ ಬದಲಾಗಿ ಇಸ್ಪೀಟಿನ ಗುಟ್ಟು ಹೇಳುತ್ತಾನೆ. ಯಾವ ಎಲೆ ಇಟ್ಟುಕೊಳ್ಳಬೇಕು, ಯಾವಾಗ ಆಟ ಬಿಟ್ಟು ಏಳಬೇಕು ಎಂಬ ಗುಟ್ಟು. ಹೇಳಿ ಮುಗಿಸಿ ಕಿಟಕಿಗೆ ತಲೆ ಆನಿಸುತ್ತಾನೆ, ಕತ್ತಲಲ್ಲಿ ಅವನ ಉಸಿರು ನಿಲ್ಲುತ್ತದೆ. ಚೆಂದದ ಹಾಡು, ಕಣ್ಣು ಮಂಜಾಯಿತು ನನಗೆ. ‘ಮಾಮಾ, ಅಲ್ಲಿ ಈ ಹಾಡು ಗೊತ್ತಿಲ್ದೋರು ಕಮ್ಮಿ, ನಿಮ್ ಮಾಳಿಗಿ ಪದ ಇದ್ದಂಗೆ’ ಎಂದ ಹುಡುಗ. ಹೌದಪ್ಪಾ ಎಂದೆ. ಇಸ್ಪೀಟು ಆಡುವವರ ನಾಡಿಗೆ ಇಸ್ಪೀಟಿನಲ್ಲಿ ಬುದ್ಧಿ, ಮಣ್ಣಿನ ಸೂರಿನವರ ನಾಡಿಗೆ ಮಣ್ಣಿನಲ್ಲಿ ಬುದ್ಧಿ. ಕೈಯ ಕಸುಬಿನ ಒಳಗಿಂದ ಬಂದ ಮಾತೇ ನಿಲ್ಲುವುದು. ಒಂದು ವ್ಯತ್ಯಾಸ ಮಾತ್ರ ನನಗೆ ದೊಡ್ಡದಾಗಿ ಕಂಡಿತು. ಆ ಜೂಜುಕೋರನಿಗೆ ಆಟ ಪೂರ್ತಿ ಗೊತ್ತು, ಅವನು ಆಟದಲ್ಲಿ ಉಳಿಯುವ ದಾರಿ ಹೇಳುತ್ತಾನೆ. ನಮ್ಮ ಅಜ್ಜನ ಪದದಲ್ಲಿ ಅಂಥ ದಾರಿ ಬಲ್ಲೆನೆಂಬ ಮಾತೇ ಇಲ್ಲ. ಕೂಡ್ಲಿಗಿ ಬಂತು, ಮಾತು ಅಲ್ಲಿಗೆ ನಿಂತಿತು. ಬಸ್‌ಸ್ಟ್ಯಾಂಡಿನ ಎದುರು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನದೆ ಊರಿಗೆ ಹೋಗುವುದು ಯಾವ ನ್ಯಾಯ?

ಒಗಟು ಬಿಡಿಸುವುದು ನಮ್ಮ ಜನಕ್ಕೆ ಮೊದಲಿನಿಂದಲೂ ಪ್ರೀತಿ. ಮೈಲಾರದ ಕಾರ್ಣಿಕ ಕೇಳಿದ್ದೀರಲ್ಲ? ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಡೆಂಕನಮರಡಿಯ ಬಯಲು ತುಂಬ ಜನ. ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಲಕ್ಷಾಂತರ ಜನರ ಬಾಯಿ ಒಮ್ಮೆಗೇ ಮುಚ್ಚುತ್ತದೆ. ಒಂದೇ ಒಂದು ಸಾಲು ನುಡಿದು ಅವನು ಮೇಲಿನಿಂದ ಧುಮುಕುತ್ತಾನೆ. ಆ ಸಾಲನ್ನು ಹಿಡಿದು ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ವರ್ಷವಿಡೀ ಬಿಡಿಸುತ್ತಾರೆ. ಚಕ್ಕಡಿಯಲ್ಲಿ ಊರಿಗೆ ಮರಳುವ ದಾರಿಯಲ್ಲೇ ನಾಲ್ಕು ಅರ್ಥ ಹುಟ್ಟಿರುತ್ತವೆ. ಹೀಗೆ ಒಂದು ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡುವ ಅಭ್ಯಾಸ ಇರುವ ಜನಕ್ಕೆ ತತ್ವಪದ ಎಂದರೆ ಹಬ್ಬ. ಆದರೆ ಮಾಳಿಗೆ ಪದದಲ್ಲಿ ಬಿಡಿಸಬೇಕಾದ ಗಂಟು ಅಂಥದ್ದೇನಿಲ್ಲ. ಅದನ್ನು ಎಲ್ಲಿ ಕೂತು ಕೇಳುತ್ತೀರಿ ಎಂಬುದರ ಮೇಲೆ ಅದರ ತೂಕ ಬದಲಾಗುತ್ತದೆ.

ನಮ್ಮ ಕಡೆ ಯಾರಾದರೂ ಸಂಜೆ ಹೊತ್ತು ತೀರಿಕೊಂಡರೆ ದೂರದ ನೆಂಟರು ಬರಲಿ ಎಂದು ಮರುದಿನದವರೆಗೆ ಇಟ್ಟುಕೊಳ್ಳುತ್ತಾರೆ. ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಹೂವಿನ ಹಾರ ಹಾಕಿರುತ್ತಾರೆ. ಹಾರ ಹೆಚ್ಚಿನಂಶ ಹಡಗಲಿ ಮಲ್ಲಿಗೆಯದೇ. ಎದುರಿಗೆ ಭಜನೆಯವರು ಇಡೀ ರಾತ್ರಿ ಹಾಡುತ್ತಾರೆ. ಕರೆಯಲು ಹೋಗಬೇಕಿಲ್ಲ, ಸುದ್ದಿ ಕೇಳಿದ ಕೂಡಲೇ ತಾಳದ ಡಬ್ಬಿ ಹಿಡಿದು ಅವರೇ ಬರುತ್ತಾರೆ, ಅದಕ್ಕೆ ಕೂಲಿ ಕೇಳುವುದಿಲ್ಲ. ನನ್ನ ಅಜ್ಜ ಹೋದ ರಾತ್ರಿ ಮೂರನೇ ಜಾವದಲ್ಲಿ ಹಾಡಿದ್ದು ಈ ಪದವನ್ನೇ. ಅಜ್ಜ ತಾನೇ ಮಣ್ಣು ತುಳಿದು ಕಟ್ಟಿದ ಮನೆ ಅದು, ಅದೇ ಮಾಳಿಗೆಯ ಕೆಳಗೆ ಕೂತಿದ್ದ. ಜಂತಿಯ ಮಾತು ಬಂದಾಗ ಹಾಡುವವರ ಕಣ್ಣು ತಾವಾಗಿಯೇ ಮೇಲೆ ಹೋದವು, ನಮ್ಮ ಕಣ್ಣೂ ಹೋದವು. ಹೊಗೆ ಹಿಡಿದು ಕಪ್ಪಾದ ಜಂತಿಗಳು, ನಡುವೆ ಒಂದರ ಬಣ್ಣ ಮಾತ್ರ ಬೇರೆ. ಅದು ಅಜ್ಜ ಹಿಂದೊಂದು ವರ್ಷ ಬದಲಾಯಿಸಿದ ಬೇವಿನ ಜಂತಿ. ಅದುವರೆಗೆ ಅಳದಿದ್ದ ನನ್ನ ಅಪ್ಪ ಆಗ ಅತ್ತರು.

ಇಂಥ ಪದಕ್ಕೆ ಹೊಸ ರೆಕ್ಕೆ ಮೂಡಿಸಿದವರು ಸಿ. ಅಶ್ವತ್ಥ್. ಕ್ಯಾಸೆಟ್ಟಿನ ಕಾಲದಲ್ಲಿ ಅವರ ತುಂಬುದನಿಯ ಶರೀಫ ಪದಗಳು ಕೊಟ್ಟೂರಿನ ತೇರಿನ ಅಂಗಡಿಗಳಲ್ಲಿ, ಲಾರಿಗಳಲ್ಲಿ, ಹೋಟೆಲುಗಳಲ್ಲಿ ಮೊಳಗಿದವು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂತು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದಭಟ್ಟರಾದರು. ಅಲ್ಲಿಂದ ಬೆಂಗಳೂರಿನವರಿಗೂ ಮಾಳಿಗೆ ಗೊತ್ತಾಯಿತು, ಮಾಳಿಗೆ ಮನೆ ಕಾಣದವರೂ ಹಾಡತೊಡಗಿದರು. ನನಗೆ ಅಶ್ವತ್ಥರ ದನಿ ಬಹಳ ಇಷ್ಟ. ಆದರೂ ಊರ ಮೇಳದವರ ಧಾಟಿ ಬೇರೆಯೇ. ಅವರು ಅವಸರ ಮಾಡುವುದಿಲ್ಲ. ಒಂದು ಸೊಲ್ಲು ಮುಗಿದ ಮೇಲೆ ದಮ್ಮಡಿಯವನು ಎರಡು ಸುತ್ತು ಬಾರಿಸುತ್ತಾನೆ, ಆ ಬಿಡುವಿನಲ್ಲಿ ಯಾರೋ ಕೆಮ್ಮುತ್ತಾರೆ, ಯಾರೋ ಚಹಾದ ಕೆಟಲು ಮುಂದೆ ಸಾಗಿಸುತ್ತಾರೆ, ಮಾತು ಎದೆಗೆ ಇಳಿಯಲು ಸಮಯ ಸಿಗುತ್ತದೆ. ಕೊಟ್ಟೂರೇಶನ ತೇರಿಗೆ ನಡೆದು ಬರುವವರು ದಾರಿಯಲ್ಲಿ ಹಾಡುವಾಗಲಂತೂ ಕಾಲಿನ ಹೆಜ್ಜೆಯೇ ತಾಳ.

ಪದದಲ್ಲಿ ಒಂದು ಮಳೆಯ ಹೆಸರಿದೆ, ಗಮನಿಸಿದ್ದೀರಾ? ಹುಬ್ಬೆ. ಆಗಸ್ಟ್ ಕೊನೆಗೆ ಕೂಡಿ ಸೆಪ್ಟೆಂಬರ್ ನಡುವಿನವರೆಗೆ ನಡೆಯುವ ಮಳೆ. ಶರೀಫಜ್ಜ ಸುಮ್ಮನೆ ‘ಮಳೆ ಬಂತು’ ಎನ್ನಲಿಲ್ಲ. ಮುಂಗಾರಿನಲ್ಲಿ ಮಾಳಿಗೆ ಹೇಗೋ ತಾಳಿರುತ್ತದೆ, ಚೌಳು ಆಗಲೇ ತೆಳುವಾಗಿರುತ್ತದೆ, ಮಣ್ಣು ನೆನೆದಿರುತ್ತದೆ, ಆಗ ಬರುವುದು ಹುಬ್ಬೆ. ರಿಪೇರಿಗೆ ಹೊತ್ತಲ್ಲದ ಹೊತ್ತು. ಆಮೇಲೆ ಉತ್ತರೆ, ಅದರಾಚೆ ಹಸ್ತ. ಹಸ್ತ ಮಳೆ ಏನು ಮಾಡಬಲ್ಲದು ಎಂದು ಬಳ್ಳಾರಿ, ರಾಯಚೂರು, ಬಾಗಲಕೋಟೆ ಕಡೆಯವರೆಲ್ಲ 2009ರಲ್ಲಿ ಕಂಡರು. ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಮೊದಲ ವಾರದವರೆಗೆ ಬಿಡಲಿಲ್ಲ. ಹೊಳೆಗಳು ಊರಿಗೆ ನುಗ್ಗಿದವು, ಮಣ್ಣಿನ ಮನೆಗಳು ಸಾಲು ಸಾಲಾಗಿ ಕುಸಿದವು. ಆ ವರ್ಷದಿಂದ ಈಚೆಗೆ ಮಾಳಿಗೆ ಮನೆ ಎಂದರೆ ಜನರಿಗೆ ಭಯ ಹುಟ್ಟಿದೆ. ಅದನ್ನು ನಾನು ತಪ್ಪೆನ್ನಲಾರೆ, ಮಕ್ಕಳನ್ನು ಕೆಳಗೆ ಮಲಗಿಸಿಕೊಂಡವರ ಕಷ್ಟ ಅವರಿಗೇ ಗೊತ್ತು.

ಈಗ ಎಲ್ಲ ಕಡೆ ಆರ್‌ಸಿಸಿ. ಚೌಳಿನ ಗುಂಡಿಗಳಲ್ಲಿ ಜಾಲಿ ಬೆಳೆದಿದೆ. ಬಂದರಿಕೆ ಸೊಪ್ಪನ್ನು ಗುಡ್ಡದಲ್ಲಿ ಕೇಳುವವರಿಲ್ಲ. ಗೌಂಡಿ ಮಾವನ ಮಗ ಸೆಂಟ್ರಿಂಗ್ ಕೆಲಸದ ಗುತ್ತಿಗೆ ಹಿಡಿಯುತ್ತಾನೆ. ಆದರೆ ಸೋರುವುದು ನಿಂತಿತೇ? ಸಿಮೆಂಟಿನ ಸೂರು ಹತ್ತಾರು ವರ್ಷಕ್ಕೆ ಕೂದಲೆಳೆಯ ಬಿರುಕು ಬಿಡುತ್ತದೆ, ನೀರು ಒಳಗಿನ ಕಬ್ಬಿಣಕ್ಕೆ ತಾಗಿ ತುಕ್ಕು ಹಿಡಿಸುತ್ತದೆ, ತುಕ್ಕು ಉಬ್ಬಿ ಕೆಳಗಿನ ಗಿಲಾವು ಹಪ್ಪಳೆ ಹಪ್ಪಳೆಯಾಗಿ ಬೀಳುತ್ತದೆ. ಮಾಳಿಗೆಯ ಗರಿಕೆ ಕಣ್ಣಿಗೆ ಕಾಣುತ್ತಿತ್ತು, ಕೈಯಲ್ಲಿ ಕೀಳಬಹುದಿತ್ತು. ಈ ತುಕ್ಕು ಒಳಗೇ ಕೆಲಸ ಮಾಡುತ್ತದೆ. ಶರೀಫಜ್ಜ ಇದ್ದಿದ್ದರೆ ಇದರ ಮೇಲೂ ಒಂದು ಪದ ಆಗುತ್ತಿತ್ತು ಎಂದು ಮಾವ ಹೇಳುತ್ತಾರೆ. ಆಗುತ್ತಿತ್ತೋ ಏನೋ. ಈಗಿರುವ ಪದಕ್ಕೇನೂ ಧಕ್ಕೆಯಾಗಿಲ್ಲ. ಹಗರಿಬೊಮ್ಮನಹಳ್ಳಿಯ ಹೊಸ ಬಡಾವಣೆಯ ಗೃಹಪ್ರವೇಶವೊಂದರಲ್ಲಿ, ಇನ್ನೂ ಬಣ್ಣದ ವಾಸನೆ ಹೋಗದ ಹಾಲಿನಲ್ಲಿ, ಮನೆಯ ಯಜಮಾನನೇ ಕೇಳಿ ಈ ಪದ ಹಾಡಿಸಿದ್ದನ್ನು ನಾನು ಕಂಡಿದ್ದೇನೆ.

ಇಷ್ಟೆಲ್ಲ ಗಂಡಸರ ಮಾತಾಯಿತು. ಹೆಂಗಸರು ಈ ಪದವನ್ನು ಹೇಗೆ ಕೇಳುತ್ತಾರೆ? ಅಜ್ಜ ತನ್ನ ಸಂಕಟವನ್ನು ಹೇಳಿಕೊಳ್ಳುವುದು ದೇವರಿಗೆ ಮಾತ್ರವಲ್ಲ. ಕೊನೆಯ ನುಡಿಯಲ್ಲಿ ಹೆಂಡತಿಯನ್ನು ಕರೆದು, ಕೇಳೇ, ಮಳೆ ಬಂತಲ್ಲ ಎನ್ನುತ್ತಾನೆ. ಆಮೇಲೆ ಶಿಶುನಾಳಧೀಶನೇ ಕಾಯುತ್ತಾನೆಂದು ನಂಬಿದೆ ಎಂದು ಪದ ಮುಗಿಸಿಬಿಡುತ್ತಾನೆ. ಹೆಂಡತಿ ಏನಂದಳು? ಅದು ಪದದಲ್ಲಿಲ್ಲ. ನಮ್ಮ ಸೀಮೆಯಲ್ಲಿ ಹೆಂಗಸರು ಸುಮ್ಮನಿದ್ದವರಲ್ಲ. ಶರೀಫರ ಓರಗೆಯವರೇ ಆದ ಹರಪನಹಳ್ಳಿ ಭೀಮವ್ವ ‘ಭೀಮೇಶಕೃಷ್ಣ’ ಅಂಕಿತದಲ್ಲಿ ಹಾಡಿನ ಮೇಲೆ ಹಾಡು ಕಟ್ಟಿದರು, ಅವು ಇಂದಿಗೂ ಆರತಿಯ ತಟ್ಟೆಯ ಜೊತೆ ಮನೆಮನೆಯಲ್ಲಿವೆ.

ಪದದ ಹೆಂಡತಿ ಏನಂದಳು ಎಂಬ ಪ್ರಶ್ನೆಯನ್ನು ಒಂದು ಮಧ್ಯಾಹ್ನ ನಮ್ಮ ಮನೆಯ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತ ಹೆಂಗಸರ ಮುಂದಿಟ್ಟೆ. ಹರಪನಹಳ್ಳಿ ಕಡೆಯಿಂದ ಬಂದ ಅತ್ತಿಗೆ ಥಟ್ಟನೆ ಹೇಳಿದರು: ‘ಏಣಿ ನಾ ಹಿಡಕೊಂತೀನಿ, ನೀ ಹತ್ತು ಅಂದಿರ್ತಾಳ. ಕತ್ಲಾಗ ಒಬ್ರ ಹತ್ತೂದು ಕಷ್ಟ ಐತಿ, ಇಬ್ರಿದ್ರ ಏನೈತಿ?’ ಪಕ್ಕದ ಮನೆಯ ಹೊಸ ಸೊಸೆ, ಯುಗಾದಿಯಾದ ಮೇಲೆ ಚೌಳು ತರಿಸು ಎಂದು ಅವಳು ಮೂರು ತಿಂಗಳ ಮೊದಲೇ ಹೇಳಿರಬೇಕು ಎಂದಳು, ಎಲ್ಲರೂ ಹೌದೌದೆಂದರು. ದೊಡ್ಡವ್ವ ಮಾತ್ರ ತಲೆ ಎತ್ತದೆ ಸುಲಿಯುತ್ತಲೇ ಇದ್ದರು. ನೀನೇನಂತೀಯ ದೊಡ್ಡವ್ವಾ ಎಂದೆ. ‘ಅನ್ನಾಕೆ ಆಕಿಗೆ ಎಲ್ಲಿ ಹೊತ್ತೈತಪ್ಪಾ? ಆತ ಪದ ಹಾಡೋವಷ್ಟರಾಗೆ ಆಕಿ ಸೋರೋ ಕಡಿಗೆಲ್ಲಾ ಪಾತ್ರೆ ಇಟ್ಟಿರ್ತಾಳೆ. ಮಕ್ಕಳನ್ನ ಒಣಗಿದ ಕಡಿಗೆ ಸರಿಸಿರ್ತಾಳೆ. ಜ್ವಾಳದ ಚೀಲದ ಮ್ಯಾಲೆ ಗೊಂಗಡಿ ಹಾಕಿರ್ತಾಳೆ’ ಎಂದರು. ಅಲ್ಲಿಂದ ಮಾತು ಯಾರ ಮನೆಯಲ್ಲಿ ಎಷ್ಟು ಕಡೆ ಸೋರುತ್ತಿತ್ತು, ಯಾವ ಮೂಲೆಗೆ ಹಂಡೆ, ಯಾವ ಮೂಲೆಗೆ ತಂಬಿಗೆ ಎನ್ನುವುದಕ್ಕೆ ಹೊರಳಿತು. ಅತ್ತಿಗೆ ತಮ್ಮ ತವರಿನ ಹಿತ್ತಾಳೆ ಹಂಡೆಯ ಕತೆ ಶುರುಮಾಡಿದರು, ಹೊಸ ಸೊಸೆ ಚಹಾ ಇಡಲು ಎದ್ದಳು, ದೊಡ್ಡವ್ವ ನನ್ನ ಮುಂದೆ ಒಂದು ಮೊರ ಶೇಂಗಾ ಸುರಿದು, ‘ಸುಮ್ನೆ ಕುಂತ್ಕಂಡು ಕೇಳಬ್ಯಾಡ, ಸುಲಿ’ ಎಂದರು.